ಕೆಂಪು ಕ್ಲಿಪ್ಪು

“ಪುಸ್ತಕದಲ್ಲಿ ಬರೆದೇ ಇಟ್ಟಿದ್ದೆ ಡಾಕ್ಟ್ರೇ. ಓದೋ ಜನಕ್ಕೆ ಕಾಣಿಸ್ತಿತ್ತು. ನಮ್ಮ ಅಳಿಯಂದಿರಿಗೆ ಅಕ್ಷರ ಕಂಡ್ರೆ ಎಲ್ಲಿ ಕಚ್ಚಿಬಿಡುತ್ತೋ ಅಂತ ಭಯ.”

ಹೀಗಂದವರು ನನ್ನ ಮಾವ. ಅಂದದ್ದು ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ, ಒಳಬಾಗಿಲು ತೆರೆದೇ ಇರುವಾಗ, ಹೊರಗೆ ಬೆಂಚಿನ ಮೇಲಿದ್ದ ಎಂಟೊಂಬತ್ತು ಜನಕ್ಕೂ ಕೇಳಿಸೋ ಹಾಗೆ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕೂಗಿದ ಗಂಟಲು ಅದು. ಹೆಡ್ಮಾಸ್ತರಿಕೆಯಿಂದ ನಿವೃತ್ತರಾಗಿ ಎರಡು ವರ್ಷ ಆಯ್ತು, ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಚೀಟಿ ಕೊಡುವ ಹೆಂಗಸು ತಲೆ ತಗ್ಗಿಸಿ ಮೂಗು ಒರೆಸಿಕೊಂಡಳು. ನಗು ಮುಚ್ಚಿಕೊಳ್ಳೋ ಉಪಾಯ, ಅಷ್ಟು ನನಗೂ ಗೊತ್ತಾಗುತ್ತೆ. ನನ್ನ ತೋಳಿನ ಮೇಲೆ ಏಳು ತಿಂಗಳ ನನ್ನ ಮಗ ಹಿಂಡಿದ ಬಟ್ಟೆಯ ಹಾಗೆ ಮಲಗಿದ್ದ. ಕೈ ಎತ್ತಿ ಬಿಟ್ಟರೆ ಕೈ ಹಾಗೇ ಬೀಳುತ್ತಿತ್ತು.

ಡಾಕ್ಟರಮ್ಮ ಮಾವನ ಕಡೆ ನೋಡಲಿಲ್ಲ. ಮಗುವಿನ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು, ಕಣ್ಣಿನ ರೆಪ್ಪೆ ಬಿಡಿಸಿ, ಪಾದ ಕೆರೆದು ನೋಡಿದರು. “ಗಂಧೆಗೆ ಕೊಟ್ಟ ಔಷಧಿ ಇದು, ನಿದ್ದೆ ಬರಿಸುತ್ತೆ ಅಂತ ನಾನು ಮೊದ್ಲೇ ಹೇಳಿದ್ದೆ. ಮುಕ್ಕಾಲು ಗಂಟೆಯೊಳಗೆ ಎರಡು ಸಲ ಕೊಟ್ಟಿದೀರಾ. ಉಸಿರು ಸರಿಯಾಗಿದೆ, ಗಾಬರಿ ಬೇಡ. ಎರಡು ಗಂಟೆ ಇಲ್ಲೇ ಹೊರಗೆ ಕೂತ್ಕೊಳ್ಳಿ. ಹತ್ತು ನಿಮಿಷಕ್ಕೊಂದು ಸಲ ಎಬ್ಬಿಸಿ. ತಾನಾಗೇ ಹಾಲು ಕುಡಿದ್ರೆ ಮನೆಗೆ ಕರ್ಕೊಂಡು ಹೋಗಿ.” ಆಮೇಲೆ ಕನ್ನಡಕ ತೆಗೆದು ಕೇಳಿದರು: “ಮನೇಲಿ ಔಷಧಿ ಕೊಡೋದು ಯಾರು?”

“ನಾನು,” ಅಂದೆ.

“ನಾನು,” ಅಂದರು ಮಾವ.

“ಅದೇ ಕಾಯಿಲೆ,” ಅಂದರು ಡಾಕ್ಟರಮ್ಮ. “ಮುಂದಿನವರು ಬನ್ನಿ.”

ನಮ್ಮ ಮನೆಯ ಪದ್ಧತಿ ಹೇಳದೆ ಹೋದರೆ ಈ ಜಗಳ ಅರ್ಥವಾಗಲ್ಲ. ನನ್ನ ಹೆಂಡತಿ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು, ಬೆಳಗ್ಗೆ ಆರರಿಂದ ಎರಡು. ನಾನು ಬಸ್ಸು ಕಾರುಗಳ ಸೀಟು ಹೊಲಿಯುವ ಶೆಡ್ಡಿನಲ್ಲಿ, ಎರಡೂವರೆಯಿಂದ ಒಂಬತ್ತು. ಮಗ ಹುಟ್ಟಿದ ಮೇಲೆ ನಾವಿಬ್ಬರೂ ಗಂಡ ಹೆಂಡತಿ ಅನ್ನೋದಕ್ಕಿಂತ ಪಾಳಿ ಬದಲಾಯಿಸುವ ವಾಚ್‌ಮನ್‌ಗಳು. ಅವಳು ಮೆಟ್ಟಿಲು ಹತ್ತುವಾಗ ನಾನು ಇಳಿಯುತ್ತಿರುತ್ತೇನೆ. ಮಗು ಈ ಭುಜದಿಂದ ಆ ಭುಜಕ್ಕೆ ಹೋಗುತ್ತೆ, ಅಷ್ಟೇ ಸಂಸಾರ. ಅದಕ್ಕೇ ಅವನಿಗೆ ಪಾರ್ಸಲ್ ಅಂತ ಹೆಸರು ಬಿದ್ದಿದ್ದು.

ಮೆಟ್ಟಿಲ ಮೇಲೆ ಎಲ್ಲ ಹೇಳಿಕೊಳ್ಳೋಕೆ ಪುರುಸೊತ್ತಿಲ್ಲ. ಹಾಲು ಆಯ್ತಾ, ಕಕ್ಕ ಮಾಡಿದ್ನಾ, ಔಷಧಿ ಕೊಟ್ಟಾಯ್ತಾ. ಹೀಗಾಗಿ ನಾನು ಶೆಡ್ಡಿನ ಉಪಾಯ ಮನೆಗೆ ತಂದೆ. ಶೆಡ್ಡಿನಲ್ಲಿ ಒಂದು ಸೀಟಿಗೆ ಎರಡು ಸಲ ಅಂಟು ಹಚ್ಚಬೇಕು. ಒಣಗಿದ ಅಂಟು ಕಣ್ಣಿಗೆ ಕಾಣಲ್ಲ. ಯಾರು ಹಚ್ಚಿದರೋ ಅವರು ಅಂಚಿಗೊಂದು ಕ್ಲಿಪ್ಪು ಸಿಕ್ಕಿಸಿ ಹೋಗಬೇಕು. ಇಲ್ಲದಿದ್ದರೆ ಇನ್ನೊಬ್ಬ ಬಂದು ಮತ್ತೆ ಬಳಿದು ಸ್ಪಂಜು ಹಲಗೆಯಾಗುತ್ತೆ. ನಾನು ಸೇರಿ ಹನ್ನೊಂದು ವರ್ಷ, ಕ್ಲಿಪ್ಪಿನಿಂದ ಒಂದು ಸೀಟೂ ಕೆಟ್ಟಿಲ್ಲ. ಮನೆಯಲ್ಲಿ ಕಿಟಕಿ ಸರಳಿನಿಂದ ಬೀರುವಿನ ಹಿಡಿಗೆ ಒಂದು ದಾರ ಕಟ್ಟಿದೆ, ನಡುವೆ ಒಂದು ಗಂಟು. ನೀಲಿ ಕ್ಲಿಪ್ಪು ಹಾಲು, ಹಳದಿ ಕಕ್ಕ, ಕೆಂಪು ಔಷಧಿ. ಗಂಟಿನ ಎಡಕ್ಕಿದ್ದರೆ ಬಾಕಿ, ಬಲಕ್ಕಿದ್ದರೆ ಆಯ್ತು. ಕತ್ತಲಲ್ಲಿ ಕೈ ಆಡಿಸಿದರೂ ಗೊತ್ತಾಗುತ್ತೆ.

ಮಾವ ಮೊದಲ ಸಲ ನೋಡಿದಾಗ ಸೊಂಟದ ಮೇಲೆ ಕೈ ಇಟ್ಟು ನಿಂತರು. “ಇದೇನು, ಮಕ್ಕಳನ್ನ ಒಗೆದು ಒಣಗಿಸ್ತೀರಾ?” ಮಾರನೇ ದಿನ ಕಂದು ಬೈಂಡು ಹಾಕಿದ ಪುಸ್ತಕ ತಂದರು. ಗೆರೆ ಹೊಡೆದು ನಾಲ್ಕು ಕಾಲಂ: ಸಮಯ, ಪ್ರಮಾಣ, ಷರಾ, ಸಹಿ. ಏಳು ತಿಂಗಳ ಕೂಸಿನ ಹಾಲಿಗೆ ಷರಾ ಏನು ಬರೀತಾರೋ ದೇವರಿಗೇ ಗೊತ್ತು. ಪುಸ್ತಕ ಫ್ರಿಜ್ಜಿನ ಮೇಲೆ ಕೂತಿತು. ನಾನು ಮುಟ್ಟಲಿಲ್ಲ. ಓದೋಕೆ ಬರದೆ ಅಲ್ಲ. ಒಂಬತ್ತನೇ ಕ್ಲಾಸಿಗೆ ಬಿಟ್ಟೆ, ಓದೋಕೂ ಬರುತ್ತೆ ಬರೆಯೋಕೂ ಬರುತ್ತೆ. ನನ್ನ ಮನೆಯೊಳಗೆ ನನಗೆ ಹಾಜರಿ ಪುಸ್ತಕ ಇಟ್ಟರೆ ಸಹಿ ಹಾಕಲ್ಲ, ಅಷ್ಟೇ.

ಬಾಯಿಬಿಟ್ಟು ಹೇಳಿಕೊಂಡರೆ ಮುಗೀತಿತ್ತಲ್ಲ ಅಂತೀರಿ. ನಾವಿಬ್ಬರೂ ನೇರ ಮಾತಾಡಲ್ಲ. ಮದುವೆಯ ದಿನದಿಂದ ಹಾಗೇ. ಮೊದಲು ನನ್ನ ಹೆಂಡತಿಯ ಮೂಲಕ, ಈಗ ಎರಡೂವರೆ ವರ್ಷದ ಮಗಳ ಮೂಲಕ. ಅವಳನ್ನು ನಾವು ಇನ್‌ಸ್ಪೆಕ್ಟರಮ್ಮ ಅಂತ ಕರೆಯೋದು. ಮನೆಗೆ ಯಾರೇ ಬರಲಿ, ಹೊಸ್ತಿಲಲ್ಲಿ ನಿಲ್ಲಿಸಿ “ಚೆಕ್ಕು!” ಅಂತ ಬ್ಯಾಗು ಕಿತ್ತುಕೊಂಡು ತಳದವರೆಗೂ ಖಾಲಿ ಮಾಡಿದ ಮೇಲೇ ಒಳಗೆ ಬಿಡ್ತಾಳೆ.

“ನಿಮ್ಮಪ್ಪಂಗೆ ಹೇಳು, ಮಗೂನ ಗಾಳಿಗೆ ಮಲಗಿಸಬಾರದು ಅಂತ,” ಅಂತಾರೆ ಮಾವ, ನಾನು ಮೂರಡಿ ದೂರದಲ್ಲಿರುವಾಗ.

“ನಿಮ್ಮ ತಾತಂಗೆ ಹೇಳು, ಕಿಟಕಿ ಮುಚ್ಚಿದ್ರೆ ಅಂಟಿನ ವಾಸನೆ ಅಂತ ಅವ್ರೇ ಮೂಗು ಮುಚ್ಕೋತಾರೆ ಅಂತ.”

ಇನ್‌ಸ್ಪೆಕ್ಟರಮ್ಮ ನನ್ನ ಕಡೆ ತಿರುಗಿ “ಅಪ್ಪ, ಗಾಳಿ” ಅಂತಾಳೆ. ಅವರ ಕಡೆ ತಿರುಗಿ “ತಾತ, ಮೂಗು” ಅಂತಾಳೆ. ಅವಳ ಪಾಲಿಗೆ ಇಬ್ಬರೂ ಕಿವುಡರು.

ಆವತ್ತು ಮಾವ ಹನ್ನೊಂದಕ್ಕೆ ಬಂದರು. ನಾನು ಇನ್‌ಸ್ಪೆಕ್ಟರಮ್ಮನಿಗೆ ಸ್ನಾನ ಮಾಡಿಸಿ, ಅವಳನ್ನೂ ಒಂದು ಬಕೆಟ್ ಒದ್ದೆ ಬಟ್ಟೆಯನ್ನೂ ಎತ್ತಿಕೊಂಡು ತಾರಸಿಗೆ ಹೋದೆ. ಎರಡು ಮಕ್ಕಳ ಬಟ್ಟೆ ಅಂದರೆ ಗೊತ್ತಲ್ಲ, ಅಂಗೈಯಗಲದ ನಲವತ್ತು ಚಿಂದಿ. ಒಣಹಾಕಿ ಇಳಿಯುವಾಗ ಹನ್ನೆರಡು ಹೊಡೆದಿತ್ತು. ಮಾವ ಆಗಲೇ ಕೈಚೀಲ ಹಿಡಿದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದರು. ಮೊಮ್ಮಗಳ ಗಲ್ಲ ಚಿವುಟಿದರು, ನನ್ನನ್ನು ಗೋಡೆಯ ಹಾಗೆ ದಾಟಿ ಹೋದರು. ಪಾರ್ಸಲ್ ಚಾಪೆ ಮೇಲೆ ಮೈ ಕೆರೆದುಕೊಂಡು ಗೊಣಗುತ್ತಿದ್ದ. ನಾನು ದಾರ ನೋಡಿದೆ. ಕೆಂಪು ಕ್ಲಿಪ್ಪು ಎಡಕ್ಕಿತ್ತು. ಹನ್ನೆರಡೂ ಕಾಲಿಗೆ ಅರ್ಧ ಚಮಚ ಕುಡಿಸಿ, ಕ್ಲಿಪ್ಪು ಬಲಕ್ಕೆ ಸರಿಸಿದೆ.

ಹನ್ನೊಂದು ನಲವತ್ತಕ್ಕೇ ಅವರು ಒಂದು ಅರ್ಧ ಚಮಚ ಕೊಟ್ಟಾಗಿತ್ತು. ಕೊಟ್ಟು, ಪುಸ್ತಕದಲ್ಲಿ ಬರೆದು, ಸಹಿ ಹಾಕಿಯೂ ಆಗಿತ್ತು. ಕ್ಲಿಪ್ಪು ಮುಟ್ಟೋದು ಅವರ ಘನತೆಗೆ ಕಡಿಮೆ.

ಪಾರ್ಸಲ್ ಹತ್ತೇ ನಿಮಿಷದಲ್ಲಿ ಮಲಗಿದ. ನಮ್ಮ ಪಾರ್ಸಲ್ ಮಲಗೋ ಜಾತಿಯವನಲ್ಲ. ಇಪ್ಪತ್ತು ನಿಮಿಷಕ್ಕೊಂದು ಸಲ ಎದ್ದು ಊರಿಗೆಲ್ಲ ಸಾರುವವನು. ಆವತ್ತು ಅಲ್ಲಾಡಲಿಲ್ಲ. ಅರ್ಧ ಗಂಟೆ. ಒಂದು ಗಂಟೆ. ಇನ್‌ಸ್ಪೆಕ್ಟರಮ್ಮ ಸ್ಪಂಜಿನ ಚೂರುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದಳು. ನಾನು ಶೆಡ್ಡಿನಿಂದ ತಂದಿದ್ದ ಬಸ್ ಸೀಟಿನ ಕವರಿಗೆ ಅಂಚು ಹೊಲಿದೆ, ಒಂದಲ್ಲ, ನಾಲ್ಕು ಕವರಿಗೆ. ಟೀ ಮಾಡಿಕೊಂಡು, ಬಿಸಿ ಇರುವಾಗಲೇ, ಕೂತು ಕುಡಿದೆ. ಏಳು ತಿಂಗಳಲ್ಲಿ ಅದೇ ಮೊದಲು. ಇನ್ನೊಂದರ್ಧ ಗಂಟೆ ಮಲಗಪ್ಪಾ ದೊರೆ ಅಂತ ಅವನ ಕಡೆ ಕೈ ಕೂಡ ಮುಗಿದೆ. ಇದನ್ನು ಯಾರಿಗೂ ಹೇಳಿಲ್ಲ.

ಎರಡೂ ಹತ್ತಕ್ಕೆ ನನ್ನವಳು ಬಂದಳು. ಎದೆ ಹಾಲು ಕಟ್ಟಿ ನೋಯುತ್ತೆ ಅಂತ ಬಂದವಳೇ ಅವನನ್ನು ಎತ್ತಿಕೊಂಡಳು. ತಲೆ ಹಿಂದಕ್ಕೆ ಜೋಲಿತು. ಕೆನ್ನೆ ತಟ್ಟಿದಳು, ನೀರು ಚಿಮುಕಿಸಿದಳು. ಆಮೇಲೆ ಅವಳು ನನ್ನ ಹೆಸರು ಹಿಡಿದು ಕೂಗಿದ್ದು ಕೆಳಗಿನ ಮನೆಯವರೆಗೂ ಕೇಳಿತು.

ಇಬ್ಬರು ಮಕ್ಕಳನ್ನೂ ಎತ್ತಿಕೊಂಡು ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಓಡಿದೆವು. ದಾರಿಯಲ್ಲೇ ಅವಳು ಅಪ್ಪನಿಗೆ ಫೋನು ಮಾಡಿದಳು. ಅವರು ಆಟೋದಲ್ಲಿ ಬಂದು ಇಳಿದದ್ದೂ, ಹನ್ನೊಂದು ನಲವತ್ತರ ಸುದ್ದಿ ಹೊರಬಿದ್ದದ್ದೂ, ನನಗೆ ಅಕ್ಷರ ಕಚ್ಚಿದ್ದೂ ಆಮೇಲಿನ ಕತೆ.

ಬೆಂಚಿನ ಮೇಲೆ ಕೂತೆವು. ನನ್ನವಳು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಆ ತುದಿಗೆ, ನಾನು ಈ ತುದಿಗೆ. ನಡುವೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಮುದುಕಿಯೊಬ್ಬಳು, ಮೊಮ್ಮಗನ ಕೆಮ್ಮಿಗೆ ಬಂದವಳು. ಮಾವ ಕೂರಲಿಲ್ಲ. ಕೈಚೀಲವನ್ನು ಬೆಂಚಿನ ಕೆಳಗಿಟ್ಟು, ಕ್ಲಾಸಿನಲ್ಲಿ ಸಾಲುಗಳ ನಡುವೆ ಓಡಾಡುವ ಹಾಗೆ ಓಡಾಡಿದರು.

“ಎಷ್ಟು ಸಲ ಹೇಳಿದೆ ಮಗಳೇ,” ಅಂದರು, ಬೆಂಚಿಗೆಲ್ಲ ಪಾಠ ಆಗಲಿ ಅಂತ. “ದಾರ ಕಟ್ಟಿ ಕ್ಲಿಪ್ಪು ಸಿಕ್ಕಿಸೋದು ಸಂಸಾರ ಅಲ್ಲ, ದೊಂಬರಾಟ. ಫ್ರಿಜ್ ಮೇಲೆ ಪುಸ್ತಕ ಇದೆ, ತೆಗೆದು ನೋಡೋಕೆ ಏನು ರೋಗ?”

“ಪುಸ್ತಕ ನೋಡ್ಲಿಲ್ವಾ?” ನನ್ನವಳು ಕೇಳಿದಳು. ದನಿ ಮೆಲ್ಲಗಿತ್ತು, ಅದೇ ಕೆಟ್ಟದ್ದು.

“ಇಲ್ಲ.”

“ಯಾಕೆ?”

“ಕ್ಲಿಪ್ಪು ನೋಡಿದೆ.”

“ಕ್ಲಿಪ್ಪು ನೋಡಿದ್ನಂತೆ!” ಮಾವ ಬೆಂಚಿನ ಕಡೆ ಕೈ ಚಾಚಿದರು. “ಕೇಳಿ ಸ್ವಾಮಿ. ಮೊಮ್ಮಗನ ಪ್ರಾಣ ಪ್ಲಾಸ್ಟಿಕ್ ಕ್ಲಿಪ್ಪಲ್ಲಿದೆ.”

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಉಗುರಿನಲ್ಲಿ ಅಂಟು, ಶರಟಿನ ಮೇಲೆ ಸ್ಪಂಜಿನ ಪುಡಿ. ಎದ್ದು ಆ ಮನುಷ್ಯನ ಕತ್ತಿನ ಪಟ್ಟಿ ಹಿಡಿದು, ಕ್ಲಿಪ್ಪು ಸರಿಸೋಕೆ ನಿಮ್ಮ ಬೆರಳು ಸವೆದು ಹೋಗ್ತಿತ್ತಾ ಅಂತ ಕೇಳಬೇಕು ಅನ್ನಿಸಿತು. ಕೂತೇ ಇದ್ದೆ. ಪುಸ್ತಕ ಅಲ್ಲೇ ಇತ್ತೋ ಇಲ್ವೋ ನಾನು ಹೇಳೋ ಹಾಗಿರಲಿಲ್ಲ. ಫ್ರಿಜ್ಜಿನ ಮೇಲೆ ಕಣ್ಣು ಹಾಯಿಸೋದನ್ನೇ ಬಿಟ್ಟು ತಿಂಗಳಾಗಿತ್ತು. ಹಟಕ್ಕೆ.

ಹತ್ತು ನಿಮಿಷಕ್ಕೊಂದು ಸಲ ನನ್ನವಳು ಮಗುವಿನ ಪಾದ ತಿಕ್ಕುತ್ತಿದ್ದಳು. ಅವನು ಮುಖ ಕಿವುಚಿ ಮತ್ತೆ ಮಲಗುತ್ತಿದ್ದ. ರಟ್ಟಿನ ಪೆಟ್ಟಿಗೆ ಕೊಯ್ದು ಅವಳ ಬೆರಳಿಗೆಲ್ಲ ಬ್ಯಾಂಡೇಜು. ಶೆಡ್ಡಿನಿಂದ ಮೇಸ್ತ್ರಿ ಫೋನು ಬಂತು, ಕತ್ತರಿಸಿದೆ.

ಮೂರೂವರೆಗೆ ಮಾವ ತೀರ್ಪು ಕೊಟ್ಟರು.

“ಇವತ್ತು ಇಲ್ಲಿಂದಲೇ ಮಕ್ಕಳನ್ನ ನಮ್ಮ ಮನೆಗೆ ಕರ್ಕೊಂಡು ಹೋಗ್ತೀನಿ. ನಿಮ್ಮಮ್ಮ ರೂಮು ಗುಡಿಸಿ ಇಟ್ಟಿದ್ದಾಳೆ. ದೊಡ್ಡವಳು ಶಾಲೆಗೆ ಸೇರೋ ತನಕ ಇಬ್ಬರೂ ಅಲ್ಲೇ ಇರ್ಲಿ. ನೀನು ಕೆಲಸ ಮುಗಿಸಿ ದಿನಾ ಬಾ. ಇವ್ರು ಬೇಕಾದ್ರೆ,” ಇವ್ರು ಅಂದರೆ ನಾನು, “ಭಾನುವಾರ ಬಂದು ನೋಡ್ಕೊಂಡು ಹೋಗ್ಲಿ.”

ಜೈಲಿನಲ್ಲಿರುವವರನ್ನು ನೋಡೋಕೆ ಹೋಗೋ ಹಾಗೆ. ಇಲ್ಲಿ ಜೈಲಿನಲ್ಲಿರೋದು ಯಾರು ಅಂತ ನನಗೆ ಸಂಶಯವೇ ಇರಲಿಲ್ಲ.

ನಾನು ನನ್ನವಳನ್ನು ನೋಡಿದೆ. ಇಲ್ಲ ಅಂತಾಳೆ ಅಂತ ಕಾದೆ. ಎರಡು ತಿಂಗಳ ಹಿಂದೆ ಇದೇ ಮಾತು ಬಂದಾಗ “ಬಿಡಪ್ಪ, ಇವ್ರು ಚೆನ್ನಾಗಿ ನೋಡ್ಕೋತಾರೆ” ಅಂದಿದ್ದಳು. ಈಗ ಮಗುವಿನ ಅಂಗಿ ಕೆಳಗೆಳೆದು ಸರಿ ಮಾಡಿದಳು. “ಇವ್ನ ಬಟ್ಟೆ ತರ್ಬೇಕಾಗುತ್ತೆ,” ಅಂದಳು.

ಅಷ್ಟೇ. ನನ್ನ ಮಕ್ಕಳು ಕೈ ತಪ್ಪಿ ಹೋಗೋದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ. ಬಟ್ಟೆ ತಾರಸಿಯ ಮೇಲಿತ್ತು. ನಾನೇ ಒಣಹಾಕಿದ್ದು, ಒಂದೊಂದಕ್ಕೂ ಕ್ಲಿಪ್ಪು ಹಾಕಿ.

“ಯಾರೂ ಎಲ್ಲಿಗೂ ಹೋಗಲ್ಲ,” ಅಂದೆ.

ಮಾವ ಇನ್‌ಸ್ಪೆಕ್ಟರಮ್ಮನಿಗಾಗಿ ಸುತ್ತ ನೋಡಿದರು. “ಪುಟ್ಟಾ, ನಿಮ್ಮಪ್ಪಂಗೆ ಹೇಳು—”

“ನನಗೇ ಹೇಳಿ. ಇಲ್ಲೇ ಇದೀನಿ.”

“ನಿನಗೆ ಹೇಳಿ ಏನು ಬಂತು?” ಮದುವೆಯಾದ ನಾಲ್ಕು ವರ್ಷದಲ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಂದ ಮೊದಲ ಮಾತು. “ಫ್ರಿಜ್ ಮೇಲಿರೋ ಪುಸ್ತಕ ಕಾಣದ ಕಣ್ಣು ಅದು.”

ಅಷ್ಟರಲ್ಲಿ ಇನ್‌ಸ್ಪೆಕ್ಟರಮ್ಮ ಎಲ್ಲಿದ್ದಳು ಅಂತ ಗೊತ್ತಾಯಿತು. ಬೆಂಚಿನ ಕೆಳಗಿಂದ “ಚೆಕ್ಕು!” ಅಂತ ಕೇಳಿಸಿತು. ಮೊದಲು ಒಂದು ಕೊಡೆ ಹೊರಗೆ ಬಂತು. ಆಮೇಲೆ ಕನ್ನಡಕದ ಡಬ್ಬಿ, ಮಡಿಸಿದ ಪೇಪರು, ಅರ್ಧ ತಿಂದ ಬಾಳೆಹಣ್ಣು. ಬೆಂಚಿನವರು ಕಾಲು ಎತ್ತಿ ದಾರಿ ಬಿಟ್ಟರು. ಕೆಂಪು ಪೆನ್ನು ಉರುಳಿಕೊಂಡು ಬಂತು. ಕೊನೆಗೆ ಇನ್‌ಸ್ಪೆಕ್ಟರಮ್ಮ ತೆವಳಿಕೊಂಡು ಬಂದು, ಕಂದು ಬೈಂಡಿನ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

“ಪುಕ್ಕ!” ಅಂದಳು. “ತಾತ ಪುಕ್ಕ!”

ಮುದುಕಿ ಪಟ್ಟಿ ಕಟ್ಟಿದ ಕಾಲು ನೀವಿಕೊಳ್ಳುತ್ತಾ ಕೇಳಿದಳು: “ಇದೇನಾ ಮೇಷ್ಟ್ರೇ, ಆ ಫ್ರಿಜ್ ಮೇಲಿರೋ ಪುಸ್ತಕ?”

ಮೂವತ್ತನಾಲ್ಕು ವರ್ಷ ಮಕ್ಕಳ ನೋಟ್‌ಬುಕ್ಕು ತಿದ್ದಿ ಚೀಲಕ್ಕೆ ತುರುಕಿ ಮನೆಗೆ ಒಯ್ದ ಕೈ ಅದು. ಔಷಧಿ ಕೊಟ್ಟಿದ್ದಾರೆ, ಬರೆದಿದ್ದಾರೆ, ಸಹಿ ಹಾಕಿದ್ದಾರೆ, ಅಭ್ಯಾಸ ಬಲದಿಂದ ಚೀಲಕ್ಕೆ ಹಾಕಿಕೊಂಡು ಹೊರಟಿದ್ದಾರೆ. ನಾನು ಹಟ ಬಿಟ್ಟು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ನನ್ನವಳು ಪುಸ್ತಕ ತೆಗೆದುಕೊಂಡು ಬಿಡಿಸಿದಳು. ದುಂಡಗಿನ ಅಕ್ಷರ, ನನಗೂ ಕಾಣುತ್ತಿತ್ತು. ೧೧.೪೦, ಅರ್ಧ ಚಮಚ. ಷರಾ: ಮಗು ಲವಲವಿಕೆಯಿಂದಿದೆ. ಅವಳು ಅದನ್ನು ಎರಡು ಸಲ ಓದಿದಳು. ಆಗಲೇ ಪಾರ್ಸಲ್ ಅವಳ ಮಡಿಲಲ್ಲಿ ಮುಲುಕಿ, ಬಾಯಿ ತೆರೆದು, ಅವಳ ಕುಪ್ಪಸಕ್ಕೆ ಮೂಗು ಉಜ್ಜಿ ರಾಗ ಎಳೆದ. ಅವಳು ಸೆರಗು ಹೊದೆಸಿ ಹಾಲಿಗೆ ಹಾಕಿಕೊಂಡಳು. ಗುಟುಕು ಗುಟುಕಾಗಿ ಕುಡಿಯುವ ಸದ್ದು ನನಗೆ ಈ ತುದಿಗೆ ಕೇಳಿಸಿತು. ಡಾಕ್ಟರಮ್ಮ ಬಾಗಿಲಿಗೆ ಬಂದು ನೋಡಿ, “ಹಾಂ, ಕುಡೀತಿದಾನಲ್ಲ, ಕರ್ಕೊಂಡು ಹೋಗಿ,” ಅಂದರು.

ಅವಳು ತಲೆ ಎತ್ತದೆ ಅಂದಳು: “ಅಪ್ಪ, ನಿನ್ನ ಚೀಲ ತುಂಬ್ಕೊಂಡು ಮನೆಗೆ ಹೋಗು. ಮಕ್ಕಳು ಬರಲ್ಲ.”

“ನಾನು ಮರೆತು—”

“ಬರಲ್ಲ ಅಂದ್ನಲ್ಲ.”

ನಾನು ಗೆದ್ದಿದ್ದೆ. ಎಂಟು ಜನರೆದುರು ಕಚ್ಚಿಸಿಕೊಂಡಿದ್ದೆ, ಅದೇ ಎಂಟು ಜನರೆದುರು ಆ ಮನುಷ್ಯ ಬಗ್ಗಿ ತನ್ನ ಅರ್ಧ ಬಾಳೆಹಣ್ಣು ಎತ್ತಿಕೊಳ್ಳುತ್ತಿದ್ದರು. ಏನೇನು ಅನ್ನಬೇಕು ಅಂತ ನಾಲಿಗೆ ತುದಿಯಲ್ಲಿ ಸಾಲಾಗಿ ನಿಂತಿತ್ತು. ಷರಾ ಕಾಲಮ್ಮಿನಲ್ಲಿ ಇದನ್ನೂ ಬರ್ಕೊಳ್ಳಿ ಮಾವ. ಸಹಿ ಹಾಕೋದು ಮರೀಬೇಡಿ ಮಾವ.

ನನ್ನವಳು ಹಾಲು ಕುಡಿಸಿ ಮುಗಿಸಿ ಮಗುವನ್ನು ನನ್ನ ಭುಜಕ್ಕೆ ಕೊಟ್ಟಳು, ಮೆಟ್ಟಿಲ ಮೇಲೆ ಕೊಡುವ ಹಾಗೆ. ನಾನು ಬೆನ್ನು ತಟ್ಟಿದೆ, ತೇಗಿದ.

ಮಾವ ಚೀಲದ ಬಾಯಿ ಬಿಗಿದು ನೆಟ್ಟಗಾದರು. ಕಣ್ಣು ಕೆಂಪಾಗಿತ್ತು. ಈ ಸಲ ಗಂಟಲು ಎತ್ತಲಿಲ್ಲ.

“ಸರಿ. ಪುಸ್ತಕ ನನ್ನ ತಪ್ಪು,” ಅಂದರು. “ಒಂದೇ ಒಂದು ಕೇಳ್ತೀನಿ. ಮಗು ಹನ್ನೆರಡೂವರೆಗೆ ಮಲಗಿತು ಅಂತ ಡಾಕ್ಟ್ರಿಗೆ ನೀನೇ ಹೇಳಿದೆ. ಇವಳು ಬಂದಿದ್ದು ಎರಡು ಗಂಟೆ ಮೇಲೆ. ಇಪ್ಪತ್ತು ನಿಮಿಷಕ್ಕೆ ಏಳೋ ಮಗು ಅಷ್ಟು ಹೊತ್ತು ಒಂದು ಸಲಾನೂ ಅಳಲಿಲ್ಲ. ನೀನು ಮನೇಲೇ ಇದ್ದೆ. ನಿನಗೆ ಏನೂ ಅನ್ನಿಸ್ಲಿಲ್ವಾ?”

ಮುದುಕಿ ನನ್ನ ಕಡೆ ತಿರುಗಿದಳು. ಚೀಟಿ ಕೊಡುವವಳು ಪೆನ್ನು ಕೆಳಗಿಟ್ಟಳು. ಅವರೆಲ್ಲ ಹಾಳಾಗಿ ಹೋಗಲಿ. ನನ್ನವಳೂ ತಿರುಗಿದಳು. ಅಪ್ಪನ ಮೇಲಿನ ಸಿಟ್ಟು ಮುಖದ ಮೇಲೆ ಹಾಗೇ ಇತ್ತು, ಆದರೆ ಹುಬ್ಬು ಸ್ವಲ್ಪ ಮೇಲೇರಿತ್ತು. ಅವಳಿಗೂ ಬೇಕಾಗಿತ್ತು ಉತ್ತರ.

ನಾಲ್ಕು ಕವರು. ಒಂದು ಲೋಟ ಬಿಸಿ ಟೀ.

ಪಾರ್ಸಲ್ ನನ್ನ ಕತ್ತಿನ ಹತ್ತಿರ ಬಿಸಿಯಾಗಿ ಉಸಿರು ಬಿಡುತ್ತಿದ್ದ. ಇನ್‌ಸ್ಪೆಕ್ಟರಮ್ಮ ಕೆಂಪು ಪೆನ್ನನ್ನು ಜಪ್ತಿ ಮಾಡಿಕೊಂಡು ನಿಂತಿದ್ದಳು. ಅವಳ ಕೈ ಹಿಡಿದೆ. ಚೀಟಿಯವಳ ಮೇಜು ದಾಟಿ, ಚಪ್ಪಲಿಗಳ ರಾಶಿಯಲ್ಲಿ ನನ್ನವು ಹುಡುಕಿ ಮೆಟ್ಟಿಕೊಂಡು, ಬೀದಿಗೆ ಇಳಿದೆ.

“ಕೇಳಿದ್ದು ಕೇಳಿಸ್ತಾ?” ಹಿಂದಿನಿಂದ ಮಾವ ಕೂಗಿದರು.

“ಅಪ್ಪ, ತಾತ,” ಅಂದಳು ಇನ್‌ಸ್ಪೆಕ್ಟರಮ್ಮ, ನನ್ನ ಬೆರಳು ಜಗ್ಗಿ.

ನಾನು ನಡೆದೆ.